ಬೆಳೆಯುವ ಹುಡುಗಿಗೆ ಒಂದು ಬಿಲ್ಲು

ನಾನು ಚಿಕ್ಕವಳಿದ್ದಾಗ, ನನಗೊಂದು ಬಿಲ್ಲು ತರಲು ಹೊರಟ ಆ ಭಾನುವಾರ, ಬೆಳಗಿನ ಬಸ್ಸಿಗೆ ಮೊದಲು ಮನೆಯಲ್ಲಿ ಇಷ್ಟು ಕೆಲಸ ಮುಗಿದಿತ್ತು. ಅಕ್ಕ ಹಾಲು ತಂದು, ಬಚ್ಚಲ ಒಲೆಗೆ ಬೆಂಕಿ ಮಾಡಿದ್ದಳು. ಅಮ್ಮ ಅವಲಕ್ಕಿಗೆ ಕಾಯಿ ತುರಿದು, ದಾರಿಗೆಂದು ಒಂದು ಪಾಲನ್ನು ಬಾಳೆಲೆಯಲ್ಲಿ ಕಟ್ಟಿದ್ದಳು. ನಾನು ಅಪ್ಪನ ಹೊಲಿಗೆ ಅಂಗಡಿ ಗುಡಿಸಿ, ನೆಲದ ಮೇಲಿನ ಗುಂಡುಸೂಜಿಗಳನ್ನು ಆಯಸ್ಕಾಂತದಿಂದ ಹೆಕ್ಕಿ, ಯಾರದೋ ರವಿಕೆಗೆ ಹುಕ್ಕು ಹಾಕಿದ್ದೆ. ಅಪ್ಪ ಇಸ್ತ್ರಿಪೆಟ್ಟಿಗೆಯ ಬೂದಿ ಕೊಡವಿ, ಎರಡು ಚಡ್ಡಿಗಳಿಗೆ ಗುಂಡಿ ಹೊಲಿದಿದ್ದ. ಚಿಕ್ಕಪ್ಪ ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಂಡಿದ್ದ. ಅವನಿಂದ ಆಗುತ್ತಿದ್ದ ಕೆಲಸ ಅದೊಂದೇ.

ನಮ್ಮದು ಕೊಪ್ಪ. ಬೀದಿಗೆ ಅಪ್ಪನ ಅಂಗಡಿ, ಅದರ ಹಿಂದೆ ಮನೆ. ಊರಿನ ಅರ್ಧ ಮಕ್ಕಳ ಯೂನಿಫಾರಂ ಅಪ್ಪನ ಮಿಷನ್ನಿನಿಂದಲೇ ಇಳಿದು ಬರುತ್ತಿತ್ತು. ಎಲ್ಲದಕ್ಕೂ ಅವನದು ಒಂದೇ ಶಾಸ್ತ್ರ: ಬೆಳೆಯುವ ಮಕ್ಕಳಿಗೆ ದೊಡ್ಡದಾಗಿ ಹೊಲಿದು ಒಳಗೆ ಮಡಿಕೆ ಹಾಕಬೇಕು, ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ನನ್ನ ಲಂಗದ ಅಂಚು ಪುಸ್ತಕದ ರಟ್ಟಿನಷ್ಟು ದಪ್ಪವಿತ್ತು. ಚಪ್ಪಲಿ ತರುವಾಗಲೂ ಅಷ್ಟೇ, ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಬಿಟ್ಟೇ ತರುತ್ತಿದ್ದ. ನಾನು ನಡೆದರೆ ಆ ಪಟಪಟ ಸದ್ದಿಗೆ ಬೀದಿಯೇ ತಿರುಗಿ ನೋಡುತ್ತಿತ್ತು. ನನ್ನ ಅಳತೆಗೆ ಸರಿಯಾಗಿ ಇದ್ದದ್ದೆಂದರೆ ನನ್ನ ಚರ್ಮ ಒಂದೇ.

ಆ ವರ್ಷ ನಮ್ಮ ಶಾಲೆಗೆ ಬಂದ ಹೊಸ ಆಟದ ಮೇಷ್ಟ್ರು ಮೈದಾನದ ಕೊನೆಯಲ್ಲಿ ಹುಲ್ಲಿನ ದೊಡ್ಡ ಚಕ್ರವೊಂದನ್ನು ನಿಲ್ಲಿಸಿ ಬಿಲ್ಲು ಹಿಡಿಯುವುದನ್ನು ಕಲಿಸತೊಡಗಿದರು. ಶಾಲೆಯಲ್ಲಿದ್ದದ್ದು ಒಂದೇ ಬಿಲ್ಲು. ಅದು ಹುಡುಗರ ಕೈಯಿಂದ ಹುಡುಗರ ಕೈಗೇ ಹೋಗುತ್ತಿತ್ತು. ನನಗೂ ಕೊಡಿ ಎಂದರೆ, "ಸ್ವಂತ ಬಿಲ್ಲು ತಂದವರಿಗೆ ಸಾಲಿನಲ್ಲಿ ಜಾಗ ಕೊಡ್ತೇನೆ, ಉಳಿದವರು ಬಾಣ ಹೆಕ್ಕಿ" ಎಂದರು ಮೇಷ್ಟ್ರು. ಪ್ರತಿ ಶನಿವಾರ ನಾನು ಲಂಟಾನದ ಪೊದೆಗೆ ನುಗ್ಗಿ, ಮೊಣಕೈ ತರಚಿಕೊಂಡು, ಆ ಮಹಾವೀರರ ಬಾಣಗಳನ್ನು ಹುಡುಕಿ ತಂದೆ. ಎದೆ ಉಬ್ಬಿಸಿ ಹಲ್ಲು ಕಚ್ಚಿ ಎಳೆಯುವವನ ಬಾಣ ಪೊದೆಗೆ ಹೋಗುತ್ತಿತ್ತು. ಎಳೆದ ಮೇಲೆ ಕೈ ಅಲ್ಲಾಡದೆ ತುಸು ಹೊತ್ತು ನಿಲ್ಲಬಲ್ಲವನದು ಹುಲ್ಲಿಗೆ ನಾಟುತ್ತಿತ್ತು. ಹೆಕ್ಕಿ ಹೆಕ್ಕಿ ನನಗೆ ಇದು ಗೊತ್ತಾಗಿತ್ತು. ಬಾಣ ಬಿಡುವವರಿಗೆ ಗೊತ್ತಾಗಿರಲಿಲ್ಲ. "ಏಯ್, ಬೇಗ ತಾರೇ!" ಎಂದು ಕೂಗಲಷ್ಟೇ ಅವರಿಗೆ ಬರುತ್ತಿತ್ತು.

ಅಷ್ಟರಲ್ಲಿ ಮುತ್ತಿನಕೊಪ್ಪದಿಂದ ಒಂದು ಸುದ್ದಿ ಬಂತು. ಅಲ್ಲಿ ಡ್ರಿಲ್ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಅವರ ಬಿಲ್ಲುಗಳನ್ನು ಮಗ ಬೇಕಾದವರಿಗೆ ಸುಮ್ಮನೆ ಕೊಡುತ್ತಿದ್ದಾನಂತೆ. ನಾನು ಅಪ್ಪನ ಹಿಂದೆ ಬಿದ್ದೆ. ಅವನು ಒಪ್ಪುವಷ್ಟರಲ್ಲಿ ಚಿಕ್ಕಪ್ಪನೂ ಎದ್ದು ನಿಂತ. "ಅಣ್ಣ, ಬಿಲ್ಲಿನ ವಿಷ್ಯ ನಿಂಗೆಂತ ಗೊತ್ತು? ನಾನೂ ಬತ್ತೆ." ಅವನು ಬಿಲ್ಲನ್ನು ನೋಡಿದ್ದು ಕ್ಯಾಲೆಂಡರಿನ ರಾಮನ ಕೈಯಲ್ಲಿ ಮಾತ್ರ.

ನರಸಿಂಹರಾಜಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿಯವರೆಗೆ ಚಿಕ್ಕಪ್ಪ ಕಂಡಕ್ಟರಿಗೆ ಬಿಲ್ಲುವಿದ್ಯೆ ಹೇಳಿಕೊಟ್ಟ. ಪಾಪದ ಮನುಷ್ಯ, ಟಿಕೆಟ್ ಹರಿಯುವುದನ್ನೂ ಮರೆತು ಕೇಳುತ್ತಿದ್ದ. ಮುಂದಿನ ಬಸ್ಸಿನಲ್ಲಿ ಅನಾನಸಿನ ಮೂಟೆಯ ಮೇಲೆ ಕುಳಿತು ಹೋದೆವು. ಆ ಹುಳಿಸಿಹಿ ವಾಸನೆಗೂ ಡೀಸೆಲ್ಲಿಗೂ ನನ್ನ ಹೊಟ್ಟೆ ತೊಳಸುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ವಾಂತಿ ಎಂದರೆ ಮನೆಗೆ ವಾಪಸ್ ಕರೆದುಕೊಂಡು ಹೋಗುತ್ತಾರೆ ಎಂಬ ಭಯ.

ಡ್ರಿಲ್ ಮೇಷ್ಟ್ರ ಮನೆಯ ಗೋಡೆಯಲ್ಲಿ ಉಳಿದಿದ್ದದ್ದು ಎರಡು ಬಿಲ್ಲು. ಒಳ್ಳೆಯ ಮರದವು, ಎರಡೂ ತುದಿಗಳು ಎಮ್ಮೆಯ ಕೊಂಬಿನ ಹಾಗೆ ಹೊರಕ್ಕೆ ಹೊರಳಿದ್ದವು. ಈಗ ನೀವು ಮೊಮ್ಮಕ್ಕಳು ರಿಕರ್ವ್ ಎನ್ನುತ್ತೀರಲ್ಲ, ಅದೇ. "ಇದೆಂತ, ಬಿಸಿಲಿಗೆ ಸೊಟ್ಟಗಾಗಿದೆ" ಎಂದ ನಮ್ಮ ಬಿಲ್ಲುಪಂಡಿತ. ಒಂದು ಬಿಲ್ಲು ಕಪ್ಪಗೆ, ನನ್ನ ತಲೆಯನ್ನೂ ಮೀರಿ ಉದ್ದಕ್ಕಿತ್ತು. ಇನ್ನೊಂದು ಜೇನಿನ ಬಣ್ಣದ್ದು, ಗಿಡ್ಡ, ತೆಳ್ಳಗಿನದು; ಹಿಡಿ ಸವೆದು ನುಣ್ಣಗಾಗಿತ್ತು, ಮೂಸಿದರೆ ಎಳ್ಳೆಣ್ಣೆಯ ವಾಸನೆ.

"ಒಂದು ಮನೆಗೆ ಒಂದೇ" ಎಂದ ಮೇಷ್ಟ್ರ ಮಗ. ಸುಮ್ಮನೆ ಕೊಡುವವನಿಗೆ ರಾಜ್ಯವನ್ನೇ ದಾನ ಮಾಡುವವನ ಗತ್ತು. "ಆಮೇಲೆ ಇದು ಬ್ಯಾಡ ಅದು ಕೊಡಿ ಅಂತ ಬಂದ್ರೆ ನಾನಿರಲ್ಲ. ನಾಳೆ ಮನೆಗೆ ಬೀಗ ಹಾಕಿ ಹೊರಟೆ."

ಅಪ್ಪ ಎರಡನ್ನೂ ನೋಡಿದ. ನನ್ನನ್ನೂ ನೋಡಿದ. "ಬೆಳೆಯೋ ಹುಡುಗಿ, ದೊಡ್ಡದೇ ಇರ್ಲಿ" ಎಂದ.

ಆ ಕಪ್ಪು ಬಿಲ್ಲನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದೆ. ಹೆದೆ ಮೂಗಿನ ಹತ್ತಿರವೂ ಬರಲಿಲ್ಲ. ಇದನ್ನು ತೆಗೆದುಕೊಂಡು ಹೋದರೆ ಆಗುವುದೇನೆಂದು ನನಗೆ ಅಲ್ಲಿಯೇ ಕಂಡಿತು. ಬಿಲ್ಲು ಮನೆಯ ಗೋಡೆಯಲ್ಲಿ ನೇತಾಡುತ್ತದೆ, ನಾನು ಪೊದೆಯಲ್ಲಿ ಬಾಣ ಹೆಕ್ಕುತ್ತಿರುತ್ತೇನೆ. "ನಂಗೆ ಚಿಕ್ಕದು ಸಾಕು" ಎಂದೆ.

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. "ಆ ಕಡ್ಡಿಯ? ಹಪ್ಪಳ ಒಣಗಿಸುವಾಗ ಕಾಗೆ ಓಡ್ಸಕ್ಕೂ ಬರಲ್ಲ ಕೂಸೇ ಅದು!"

"ಅದು ಅಪ್ಪಯ್ಯ ಹೊಸ ಮಕ್ಕಳಿಗೆ ಕಲ್ಸಕ್ಕೆ ಇಟ್ಕೊಂಡಿದ್ದು" ಎಂದ ಮೇಷ್ಟ್ರ ಮಗ, ಅವಮಾನ ಮಾಡುವವನ ಹಾಗೆ. ನಾನು ಹೊಸ ಮಗು, ಕಲಿಯಲು ಹೊರಟವಳು ಎಂಬುದು ಅಲ್ಲಿದ್ದ ಮೂರು ಗಂಡಸರ ತಲೆಗೂ ಹೊಳೆಯಲಿಲ್ಲ.

"ಹಂಗಾರೆ ದೊಡ್ಡದನ್ನ ನೀನೇ ಎಳಿ ಚಿಕ್ಕಪ್ಪ" ಎಂದೆ. "ಎಳೆದು ಹಂಗೇ ಹಿಡ್ಕೊಂಡಿರು. ನಾನು ಮಾಸ ಹೇಳ್ತೀನಿ, ಫಾಲ್ಗುಣದವರೆಗೆ."

ಆ ಕಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲ ಮಕ್ಕಳೂ ಗೋಡೆಗೆ ಒರಗಿ ಕೂತು ವಾರ, ತಿಥಿ, ಮಾಸ, ನಕ್ಷತ್ರಗಳನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಗಡಿಯಾರ ಇಲ್ಲದಿದ್ದರೂ ನಮ್ಮ ನಾಲಿಗೆಯಲ್ಲಿ ಒಂದು ಗಡಿಯಾರ ಇರುತ್ತಿತ್ತು. ಚಿಕ್ಕಪ್ಪ ಅಂಗಿಯ ತೋಳು ಮಡಚಿ, ಕಾಲು ಅಗಲಿಸಿ, ಗೊರಕೆಯಂಥ ಸದ್ದು ಮಾಡಿ ಹೆದೆಯನ್ನು ಕಿವಿಯವರೆಗೆ ಎಳೆದ. ಎಳೆದದ್ದು ನಿಜ. ನಾನು ದೀಪದ ಮುಂದೆ ಹೇಳುವ ಅದೇ ರಾಗದಲ್ಲಿ ಶುರು ಮಾಡಿದೆ. ಚೈತ್ರ, ವೈಶಾಖದಲ್ಲಿ ಅವನು ಮುಗುಳ್ನಗುತ್ತಿದ್ದ. ಜ್ಯೇಷ್ಠಕ್ಕೆ ನಗು ನಿಂತಿತು. ಆಷಾಢಕ್ಕೆ ಮುಖ ಬೀಟ್‌ರೂಟಾಯಿತು. ಶ್ರಾವಣ ಮುಗಿಯುವ ಮೊದಲೇ ಮೊಣಕೈ ಗಡಗಡ ನಡುಗಿ, ಹೆದೆ ಜಾರಿ, ಬಿಲ್ಲು ಹಿಡಿದಿದ್ದ ಎಡಗೈಯ ಒಳಬದಿಗೆ ಚಟೀರ್ ಎಂದು ಹೊಡೆಯಿತು.

"ಅಯ್ಯಯ್ಯೋ ಅಣ್ಣಾ!"

ಬಾಣವಿಲ್ಲದೆ ಹೆದೆ ಬಿಡಬಾರದು, ಬಿಲ್ಲಿಗೇ ಪೆಟ್ಟು ಎಂದು ನಮ್ಮ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಹಾಗಾಗಿ ನಾನು ಬಿಲ್ಲನ್ನೇ ಮೊದಲು ನೋಡಿದೆ. ಬಿರುಕು ಬಿಟ್ಟಿರಲಿಲ್ಲ. ಚಿಕ್ಕಪ್ಪನನ್ನು ನೋಡಲು ಅಪ್ಪ ಇದ್ದನಲ್ಲ.

"ಈಗ ನೀನು ಎಳಿ ಕಾಣ್ವ" ಎಂದ ಚಿಕ್ಕಪ್ಪ, ಕೈಗೆ ಉಫ್ ಉಫ್ ಊದಿಕೊಳ್ಳುತ್ತ. "ಮಾಸ ನಾನು ಹೇಳ್ತೆ."

ಚಿಕ್ಕ ಬಿಲ್ಲನ್ನು ಎಳೆದೆ. ಹೆದೆ ನನ್ನ ಗಲ್ಲಕ್ಕೆ ಬಂದು ಮೆತ್ತಗೆ ನಿಂತಿತು. ಆ ಮನುಷ್ಯನ ಸಣ್ಣತನವನ್ನಾದರೂ ನೋಡಿ! ಒಂದೊಂದು ಮಾಸವನ್ನೂ ರಬ್ಬರಿನಂತೆ ಎಳೆದ. "ಚೈ...ತ್ರ... ವೈ...ಶಾ...ಖ..." ಭಾದ್ರಪದದಲ್ಲಿ ಬೇಕೆಂದೇ ಕೆಮ್ಮಿದ. ಮಾಘಕ್ಕೆ ನನ್ನ ಬೆನ್ನಿನಲ್ಲಿ ಇರುವೆ ಹರಿದಂತಾಯಿತು, ಕಣ್ಣಿಗೆ ಬೆವರು ಇಳಿಯಿತು. ಆದರೂ ಫಾಲ್ಗುಣ ಮುಟ್ಟಿಸಿದೆ. ಆಮೇಲೆ ಹೆದೆಯನ್ನು ಬಿಡದೆ, ಹಿಡಿದುಕೊಂಡೇ ನಿಧಾನಕ್ಕೆ ಇಳಿಸಿದೆ.

ಅಪ್ಪನಿಗೆ ಇನ್ನೂ ಸಮಾಧಾನವಿಲ್ಲ. "ಒಂದೆರಡು ವರ್ಷಕ್ಕೆ ಚಿಕ್ಕದಾಗ್ತದಲ್ಲ ಮಗಾ, ದೊಡ್ಡದಾದ್ರೆ..."

"ಲಂಗಕ್ಕಾದ್ರೆ ಮಡಿಕೆ ಹಾಕ್ತಿ ಅಪ್ಪ" ಎಂದೆ. ಅಳು ಬರುತ್ತಿತ್ತು. "ಆ ದೊಡ್ಡ ಬಿಲ್ಲಿಗೆ ಎಲ್ಲಿ ಮಡಿಕೆ ಹಾಕ್ತಿ? ನಾನು ಬೆಳೆಯೋ ತನಕ ಅವರ ಬಾಣ ಹೆಕ್ತಾ ಇರ್ಬೇಕಾ?"

ಅಪ್ಪ ಹೊರಗೆ ಹೊರಟರೂ ಜೇಬಿನಲ್ಲಿ ಇರುತ್ತಿದ್ದ ಅಳತೆಯ ಟೇಪನ್ನು ತೆಗೆದ. ನನ್ನ ಕೈ ಚಾಚಿಸಿ, ಕತ್ತಿನಿಂದ ಮಣಿಕಟ್ಟಿನವರೆಗೆ ಅಳೆದ. ಚಿಕ್ಕ ಬಿಲ್ಲನ್ನು ಮತ್ತೆ ಎಳೆಸಿ, ಹಿಡಿಯಿಂದ ಗಲ್ಲದವರೆಗೆ ಅಳೆದ. ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಂಡಿಯೂರಿದಾಗ ಇರುತ್ತಿದ್ದ ಮುಖವೇ ಆಗಲೂ ಇತ್ತು. "ಬರೋಬ್ಬರಿ ಕೂತಿದೆ. ಇದನ್ನೇ ಕೊಡಿ" ಎಂದ. ಬೆಳೆಯಲು ಜಾಗ ಬಿಡದೆ, ಆ ದಿನದ ನನ್ನ ಅಳತೆಗೆ ಅಪ್ಪ ಕೊಡಿಸಿದ ಮೊದಲ ವಸ್ತು ಅದು.

ಮುಂದಿನ ಶನಿವಾರ ನಾನು ಸಾಲಿನಲ್ಲಿ ನಿಂತೆ. ಹುಡುಗರು ನನ್ನ ಬಿಲ್ಲನ್ನು ನೋಡಿ ಹಲ್ಲುಕಡ್ಡಿ ಎಂದರು. ಅವರ ಬಾಣಗಳು ಎಂದಿನಂತೆ ಪೊದೆಯಲ್ಲಿದ್ದವು. ಹೆಕ್ಕಲು ನಾನು ಹೋಗಲಿಲ್ಲ.

ಈಗ ನೀವಿಬ್ಬರೂ ಸೋಫಾದ ಮೇಲೆ ಕೂತು ಮೊಬೈಲಿನಲ್ಲಿ ಬಿಲ್ಲು ಆರಿಸುತ್ತಿದ್ದೀರಿ. ಬೆರಳು ಸವರಿದಷ್ಟೂ ಬಿಲ್ಲು ಬರುತ್ತದೆ, ಪ್ರತಿಯೊಂದಕ್ಕೂ ಸಾಲಾಗಿ ನಕ್ಷತ್ರಗಳು. ಆ ನಕ್ಷತ್ರ ಹಾಕಿದವರು ನಿಮ್ಮ ಭುಜವನ್ನು ನೋಡಿದ್ದಾರೆಯೇ? ಗಡ್ಡದವನೊಬ್ಬ ವಿಡಿಯೋದಲ್ಲಿ ಕೂಗಾಡಿದ ಎಂದು ಅವನಂಥದ್ದೇ ಭಾರದ ಬಿಲ್ಲು ಬೇಕಂತೆ. ಆಗದಿದ್ದರೆ ವಾಪಸ್ ಕಳಿಸಬಹುದಲ್ಲ ಅಜ್ಜಿ, ಎನ್ನುತ್ತೀರಿ. ಹೌದು, ನಿಮಗೆ ಆ ಸುಖ ಉಂಟು. ನಮಗೆ ಇದ್ದದ್ದು ಎರಡೇ ಬಿಲ್ಲು, ವಾಪಸ್ ಇಲ್ಲ, ಆದರೆ ಎರಡನ್ನೂ ಎಳೆದು ನೋಡಬಹುದಿತ್ತು. ನಾಳೆ ನನ್ನ ಮುಂದೆ ನಿಂತು ಕೈ ಚಾಚಿ, ಅಳೆಯುತ್ತೇನೆ. ಆಮೇಲೆ ಬೇಕಾದರೆ ನಿಮ್ಮ ನಕ್ಷತ್ರ ಎಣಿಸಿಕೊಳ್ಳಿ.

ಆ ಭಾನುವಾರ ನಾವು ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು. ಕುಸುಬಲಕ್ಕಿ ಅನ್ನ, ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ಚಿಕ್ಕಪ್ಪನ ಎಡಗೈಗೆ ಅಮ್ಮ ಅರಿಶಿನ ಮೆತ್ತಿದ್ದಳು, ಬಲಗೈಯ ತುತ್ತು ಬಾಯಿಯವರೆಗೆ ಏರುತ್ತಿರಲಿಲ್ಲ. ಕೊನೆಗೆ ತಂಬುಳಿಯನ್ನು ಲೋಟದಲ್ಲೇ ಕುಡಿದು, ಹೊಟ್ಟೆ ಸರಿಯಿಲ್ಲ ಎಂದು ಗೊಣಗಿ, ಎಲ್ಲರಿಗಿಂತ ಮೊದಲು ಹೋಗಿ ಮಲಗಿಬಿಟ್ಟ.