ಗದ್ದಲ ಮಾಡದ ಮಕ್ಕಳು

ನಾಲ್ಕು ಕ್ಲಾಸಿಗೆ ನಾನೊಬ್ಬಳೇ ಟೀಚರ್. ಕುರ್ಲಾದ ನಮ್ಮ ಕನ್ನಡ ಶಾಲೆಗೆ ಉಳಿದಿರುವುದು ಒಂದೇ ಕೋಣೆ, ಎದುರುಬದುರು ಎರಡು ಬೋರ್ಡು. ಮೂರನೆಯವರಿಗೆ ಗುಣಾಕಾರ ಹೇಳುವಾಗ ಬೆನ್ನ ಹಿಂದೆ ಒಂದನೆಯವರು ಪೆನ್ಸಿಲಿಗೆ ಜಗಳವಾಡುತ್ತಿರುತ್ತಾರೆ. ಸಂಜೆ ಮಾಟುಂಗದ ಮನೆ ಸೇರುವ ಹೊತ್ತಿಗೆ ಗಂಡನಿಗೆ ಉತ್ತರ ಕೊಡಲೂ ಗಂಟಲಿರುವುದಿಲ್ಲ. ಅದೊಂದು ಲಾಭ ಅನ್ನುತ್ತಾರೆ ಅವರು.

ಕಳೆದ ವರ್ಷ ನಾವು ಇಬ್ಬರಿದ್ದೆವು. ಜೊತೆಗಿದ್ದವರು ನನಗಿಂತ ಹಿರಿಯರು, ಮಕ್ಕಳ ಪಾಲಿಗೆ ‘ದೊಡ್ಡ ಟೀಚರ್’. ದೊಡ್ಡ ಮಕ್ಕಳು ಚಿಕ್ಕವರ ಕೈಹಿಡಿದು ಅಕ್ಷರ ತಿದ್ದಿಸಬೇಕು ಎಂಬ ಪದ್ಧತಿ ಅವರದು. ಅದರಲ್ಲಿ ಎಲ್ಲರಿಗಿಂತ ಮುಂದೆ, ವಿಜಯಪುರದ ಕಡೆಯ ಟೇಲರ್ ಒಬ್ಬರ ಮಗಳು. ಮನೆಯಲ್ಲಿ ದಖನಿ ಉರ್ದು, ಚಾಳಿನ ನೆರೆಹೊರೆಯವರೊಡನೆ ಹಿಂದಿ, ನಮ್ಮೆದುರು ಮಾತ್ರ ಕನ್ನಡ.

ಒಂದು ದಿನ ದೊಡ್ಡ ಟೀಚರಿಗೆ ಜ್ವರ. ನನ್ನ ಲೋಕಲ್ ಟ್ರೇನು ದಾದರಿನಲ್ಲೇ ನಿಂತುಬಿಟ್ಟಿತ್ತಂತೆ, ಮಾಟುಂಗಕ್ಕೆ ಬರಲೇ ಇಲ್ಲ. ಅವತ್ತೇ ಶಿಕ್ಷಣ ಇಲಾಖೆ ಆಫೀಸಿನ ಸಾಹೇಬರು ಹೇಳದೆ ಕೇಳದೆ ಶಾಲೆಗೆ ಬಂದಿದ್ದರು. ನಾನು ಬಸ್ಸು ಹಿಡಿದು, ತಡವಾಗಿ, ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಟೇಲರ್ ಮಗಳು ಬೋರ್ಡಿನ ಮುಂದೆ ನಿಂತು ಕಾಗುಣಿತ ಹೇಳಿಸುತ್ತಿದ್ದಳು. ಉಳಿದವರು ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದರು. ನಾನು ಬೈಸಿಕೊಳ್ಳಲು ತಯಾರಾಗಿದ್ದರೆ, ಸಾಹೇಬರು ಮರಾಠಿಯಲ್ಲಿ ಬಾಯ್ತುಂಬ ಹೊಗಳಿ ಹುಡುಗಿಯ ತಲೆ ಸವರಿ ಹೋದರು. ಸುಳ್ಳೇಕೆ, ನನಗೂ ಹೆಮ್ಮೆಯಾಯಿತು.

ತಿಂಗಳೊಳಗೆ ದೊಡ್ಡ ಟೀಚರಿಗೆ ಬೇರೆ ಶಾಲೆಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಇಲ್ಲ. ಕೇಳಲು ಹೋದರೆ ಸಾಹೇಬರು ನಗುತ್ತ, ನಿಮ್ಮಲ್ಲಿ ಮಕ್ಕಳೇ ಸಂಭಾಳಿಸುತ್ತಾರಲ್ಲ, ಇಬ್ಬರು ಯಾಕೆ ಎಂದರು. ಚಹಾ ತರಿಸಿದರು, ಕುಡಿದು ಬಂದೆ.

ಸಂಜೆ ಗೇಟಿನ ಹತ್ತಿರ ತಾಯಂದಿರಿಗೆ ಸಾಹೇಬರ ಆ ಮಾತನ್ನೇ ಹೇಳಿದೆ. ಮಕ್ಕಳೂ ಅಲ್ಲೇ ನಿಂತಿದ್ದವು.

ಮರುದಿನ ಎಂದಿನಂತೆ ಟೇಲರ್ ಮಗಳನ್ನು ಒಂದನೆಯವರ ಕಡೆ ಹೋಗೆಂದೆ. ಅವಳು ಏಳಲಿಲ್ಲ.

“ಏನಾಯ್ತೇ? ಹೋಗು, ಕಾಗುಣಿತ ಹೇಳ್ಕೊಡು.”

“ನಾ ಒಲ್ಲೇರಿ ಟೀಚರ್.”

“ಯಾಕೆ ಪುಟ್ಟಿ?”

ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. “ನಾ ಚಲೋ ಕಲಿಸಿದ್ರ ನಿಮ್ಮನ್ನೂ ಕಳಿಸಿಬಿಡ್ತಾರ್ರೀ.”

ಈಗ ಅವಳು ನಾಲ್ಕನೇ ಕ್ಲಾಸು. ಅಂದಿನಿಂದ ಬೋರ್ಡಿನ ಹತ್ತಿರ ಬಂದಿಲ್ಲ. ಬಲವಂತ ಮಾಡಲು ನನಗೂ ಮನಸ್ಸು ಬರುವುದಿಲ್ಲ. ಒಂದನೆಯವರ ಕಾಗುಣಿತವನ್ನೂ ನಾನೇ ಹೇಳಿಸುತ್ತೇನೆ.