ಖಂಡೆಪೂಜೆ ಮಾಡಿಸಿಕೊಂಡ ಹಾರ್ಡ್ ಡಿಸ್ಕ್

ಸಿಂದಗಿಯ ಆ ಕಂಪ್ಯೂಟರ್ ರಿಪೇರಿಯವರು ಗಿರಾಕಿಯ ಫೈಲು ತೆರೆದುಕೊಂಡೊಡನೆ ಪರದೆಯನ್ನು ಅವರತ್ತ ತಿರುಗಿಸಿ, ತಾವು ರಸ್ತೆ ನೋಡುತ್ತ ಕೂಡುತ್ತಿದ್ದರು. “ಗಡಬಡ ಮಾಡಬ್ಯಾಡ್ರಿ” ಎಂಬುದು ಅವರು ಎಲ್ಲರಿಗೂ ಹೇಳುವ ಮಾತು. ನನಗೆ ನಾಲ್ಕು ಸಲ ಹೇಳಿದರು.

ತೀರಿಕೊಂಡ ಅವ್ವ ಹಾಡಿದ ಬೀಸುವ ಪದ ನನ್ನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇತ್ತು. ಫೋನು ಕಳೆದೀತೆಂಬ ಭಯಕ್ಕೆ ಅಲ್ಲಿಂದ ತೆಗೆದು ಇದಕ್ಕೆ ಹಾಕಿದ್ದೆ. ಇದೂ ಕೆಟ್ಟೀತೆಂಬ ಭಯಕ್ಕೆ ದಸರೆಯ ಖಂಡೆಪೂಜೆಯ ದಿನ ಬೈಕಿನ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ನೀರು ಚಿಮುಕಿಸಿದ್ದೆ. ಅಂದೇ ಕೆಟ್ಟಿತು. ಅವರ ಅಂಗಡಿಗೆ ಒಯ್ದೆ.

“ಇದಕ್ಕ ಏನಾತ್ರಿ?”

“ಪೂಜಿ ಆತ್ರಿ.”

ಅವರು ನಗಲಿಲ್ಲ. ಕುಂಕುಮ ಒರೆಸಿ, ಒಳಗೆಲ್ಲ ಒಣಗಿಸಿ, ತಂತಿ ಜೋಡಿಸಿ, ಡಿಸ್ಕಿಗೆ ಕಿವಿ ಹಚ್ಚಿದರು.

“ಮುಂದಿನ ವರ್ಷ ದೂರದಿಂದ ಕೈ ಮುಗೀರಿ ಸಾಕು. ಮೊದಲ ಯಾವುದು ತಗೀಲಿ, ಒಂದ ಹೇಳ್ರಿ. ಡಿಸ್ಕ್ ಮತ್ತ ತಿರಗತೈತೋ ಇಲ್ಲೋ.”

“ಹೊಲದ ಪಹಣಿ...” ಎಂದವನು ತಡೆದು, “ಬ್ಯಾಡ್ರಿ, ಅವ್ವನ ಪದ” ಎಂದೆ.

“ಗಡಬಡ ಮಾಡಬ್ಯಾಡ್ರಿ.”

ಕಾಪಿ ಅರ್ಧಕ್ಕೆ ನಿಂತಿತು. ನಾನು ಅಲುಗಾಡಿದರೆ ಅದೂ ಹೋದೀತೆಂದು ಮೂಗಿನ ಮೇಲಿನ ನೊಣವನ್ನೂ ಓಡಿಸಲಿಲ್ಲ. ಆಮೇಲೆ ಮುಂದೆ ಸಾಗಿ ಮುಗಿಯಿತು. ಸ್ಪೀಕರಿನಿಂದ ಅವ್ವನ ದನಿ ತೀರ ಸಣ್ಣಗೆ ಬಂತು.

ಅಂಥ ಸೆಕೆಯಲ್ಲೂ ಅವರು ಸದ್ದಿಲ್ಲದೆ ಎದ್ದು, ಗರಗರ ಎನ್ನುತ್ತಿದ್ದ ಫ್ಯಾನು ಬಂದ್ ಮಾಡಿದರು.