ದೊಡ್ಡಪ್ಪ ತೋರಿಸದೆ ಬಿಟ್ಟ ಕೊನೆಗಳು

ಬಿಸಿಲಿಗೆ ಕಾದ ಕರಿಕಂಬಳಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಅಜ್ಜಂಪುರದ ನಮ್ಮ ಮನೆಯ ಭಾನುವಾರದ ಮಧ್ಯಾಹ್ನಗಳು ನೆನಪಾಗುತ್ತವೆ. ಕಂಬಳಿ ಹೊದ್ದು ಬೆಳೆದವರಿಗೆ ಆ ಉಣ್ಣೆಯ ಘಾಟು ಗೊತ್ತಿರುತ್ತದೆ. ಊಟ ಮುಗಿದದ್ದೇ ದೊಡ್ಡಪ್ಪ ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ ಟಿವಿ ಹಾಕುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ವಿಡಿಯೊ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಅವರು ಊರವರಿಗೆಲ್ಲ ಫೈಟಿಂಗು, ಕಾಮಿಡಿ ಬಾಡಿಗೆಗೆ ಕೊಟ್ಟು, ಮನೆಗೆ ಮಾತ್ರ ತರೀಕೆರೆಯ ಗೆಳೆಯರೊಬ್ಬರಿಂದ ದೇಶದೇಶಗಳ ಬಂಡಾಯದ ಸಿನಿಮಾಗಳನ್ನು ತರುತ್ತಿದ್ದರು. ಗುಲಾಮರು, ಗಣಿಯ ಕೂಲಿಗಳು, ದೊರೆಗೆ ತಿರುಗಿಬಿದ್ದ ರೈತರು. ಅವರ ಭಾಷೆ ನಮಗ್ಯಾರಿಗೂ ತಿಳಿಯದು. ದೊಡ್ಡಪ್ಪನೇ ಪಕ್ಕದಲ್ಲಿ ಕೂತು ಎಲ್ಲರ ಬಾಯಲ್ಲೂ ನಮ್ಮ ಮಾತು ಆಡಿಸುತ್ತಿದ್ದರು. ಮೊಣಕಾಲುದ್ದ ಹಿಮದಲ್ಲಿ ಬಂದೂಕು ಹಿಡಿದು ನಿಂತವನು, "ಲೇ, ನಮ್ಮ ಬುಕ್ಕಾಂಬುಧಿ ಕೆರೆ ಏರಿ ಮೇಲೆ ಪೊಲೀಸ್ರು ಬಂದವ್ರೆ, ಈ ಕಡೆ ಬಾರೋ" ಎನ್ನುತ್ತಿದ್ದ. ನಾವು ಮಕ್ಕಳು ಅದನ್ನೂ ನಂಬುತ್ತಿದ್ದೆವು.

ಆದರೆ ಒಂದು ಸಿನಿಮಾದ ಕೊನೆಯನ್ನೂ ನಾವು ನೋಡುತ್ತಿರಲಿಲ್ಲ. ನಾಯಕನನ್ನು ಗೋಡೆಗೆ ನಿಲ್ಲಿಸಿದರೆ, ಇಲ್ಲವೇ ನೇಣಿನ ಹಗ್ಗ ಕಂಡರೆ, ದೊಡ್ಡಪ್ಪನ ಬೆರಳು ವಿಸಿಆರ್‌ನ ಗುಂಡಿ ಒತ್ತಿಬಿಡುತ್ತಿತ್ತು. "ತಪ್ಪಿಸ್ಕಂಡ ಕಣ್ರೋ. ಮುಗೀತು, ಏಳ್ರಿ." ಇದೆಲ್ಲ ಅಜ್ಜಿಗಾಗಿ. ಅವಳ ಕಿರಿಮಗ, ನಮ್ಮ ಚಿಕ್ಕಪ್ಪ, ನಾನು ತೊಟ್ಟಿಲಲ್ಲಿದ್ದಾಗಲೇ ಕಾಲೇಜು ಬಿಟ್ಟು ಹೋರಾಟಕ್ಕೆಂದು ಕಾಡು ಸೇರಿದ್ದ. "ಬತ್ತೀನಿ ಕಣವ್ವ" ಎಂದು ಹೋದವನ ಸುದ್ದಿಯೇ ಇರಲಿಲ್ಲ. ಅಜ್ಜಿ ದಿನಾ ಅವನ ಪಾಲಿನ ಮುದ್ದೆಯನ್ನು ಅವನದೇ ತಟ್ಟೆಯಲ್ಲಿಟ್ಟು ಮುಚ್ಚುತ್ತಿದ್ದಳು, ಬೆಳಿಗ್ಗೆ ಎದ್ದು ಎಮ್ಮೆಗೆ ಹಾಕುತ್ತಿದ್ದಳು. ಸಿನಿಮಾ ನಿಂತಾಗ "ಸದ್ಯ, ಬದುಕ್ಕಂಡ" ಎಂದು ಉಸಿರು ಬಿಟ್ಟು ಅಡುಗೆಮನೆಗೆ ಹೋಗುವಳು. ಬಂಡಾಯಗಾರನಿಗೆ ಯಾವ ದೇಶದಲ್ಲೂ ಸಾವಿಲ್ಲ ಎಂದುಕೊಂಡೇ ನಾನು ಬೆಳೆದೆ.

ಅಜ್ಜಿ ಜ್ವರದಿಂದ ಮಲಗಿ ಎದ್ದ ಬೇಸಿಗೆಯಲ್ಲಿ ಒಂದು ಭಾನುವಾರ, ಗುಂಡಿಯತ್ತ ಹೋದ ದೊಡ್ಡಪ್ಪನ ಕೈಯನ್ನು ಅವಳೇ ಹಿಡಿದಳು. "ಬುಡು, ಇವತ್ತು ಪೂರ್ತಿ ನೋಡ್ತೀನಿ. ನಂಗೂ ಕಾಲ ಬಂತು." ಪರದೆಯ ಮೇಲಿನ ಹುಡುಗ ಗೋಡೆಗೊರಗಿ ಕುಸಿದ. ಸಿಪಾಯಿಗಳು ಹೊರಟುಹೋದರು. ಅವನ ಟೋಪಿ ಧೂಳಿನಲ್ಲಿ ಬಿದ್ದಿತ್ತು, ಅದರ ಮೇಲೆ ತಿಳಿಯದ ಅಕ್ಷರಗಳು ಏರುತ್ತಾ ಹೋದವು. ನಾವು ಯಾರೂ ಏಳಲಿಲ್ಲ.

"ಅವರವ್ವಂಗೆ ಯಾರು ಹೇಳಿದ್ರು?" ಎಂದು ಅಜ್ಜಿ ಕೇಳಿದಳು.

ದೊಡ್ಡಪ್ಪ ಟಿವಿ ಆರಿಸಿದರು. ಆಮೇಲೆ, "ಇನ್ನೂ ಹೇಳಿಲ್ಲ ಕಣವ್ವ" ಎಂದರು. ಚಿಕ್ಕಪ್ಪ ಗುಂಡೇಟಿಗೆ ಬಲಿಯಾದ ಸುದ್ದಿ ಅವರಿಗೆ ಮುಟ್ಟಿ ಅಷ್ಟೊತ್ತಿಗಾಗಲೇ ವರ್ಷಗಳು ಕಳೆದಿದ್ದವು. ಅಜ್ಜಿ ಅಳಲಿಲ್ಲ. ಹಿರಿಮಗನ ತಲೆ ಸವರುತ್ತಾ, "ಒಬ್ನೇ ಹೊತ್ಕಂಡು ತಿರುಗಿದ್ಯೇನಪ್ಪಾ ಇಷ್ಟು ದಿನ" ಎಂದಳು. ಕಂಬಳಿ ಬಿಚ್ಚಲು ನನಗೆ ಸನ್ನೆ ಮಾಡಿದಳು. ಒಮ್ಮೆಗೇ ನುಗ್ಗಿದ ಬಿಸಿಲಲ್ಲಿ ದೊಡ್ಡಪ್ಪ ಮುಖ ಮುಚ್ಚಿಕೊಂಡು ಕೂತಿದ್ದರು.

ಈಗ ಆ ನಡುಮನೆ ಇಲ್ಲ, ಅಜ್ಜಿಯೂ ಇಲ್ಲ, ದೊಡ್ಡಪ್ಪನೂ ಇಲ್ಲ. ಅದೇ ಸಿನಿಮಾಗಳು ಮೊಬೈಲಿನಲ್ಲಿ ಸಿಗುತ್ತವೆ; ಕಡೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು ಕೊನೆಯವರೆಗೂ ನೋಡುತ್ತೇನೆ. ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಾರೆ. ಅವರ ತಾಯಂದಿರನ್ನು ಮಾತ್ರ ಯಾರೂ ತೋರಿಸುವುದಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟ. ನಮ್ಮ ಮನೆಯ ಕೊನೆಯನ್ನು ನಾನು ಕಣ್ಣಾರೆ ಕಂಡೆ. ಅವತ್ತು ಸಂಜೆ ಅಜ್ಜಿ ಚಿಕ್ಕಪ್ಪನ ತಟ್ಟೆಯನ್ನು ತೊಳೆದಳು, ಬಿಸಿ ಮುದ್ದೆ ಇಟ್ಟಳು, ಮುಚ್ಚಲಿಲ್ಲ. ಅದನ್ನು ತಂದು ದೊಡ್ಡಪ್ಪನ ಮುಂದಿಟ್ಟು, "ಉಣ್ಣಪ್ಪ" ಎಂದಳು.